ವಿಷ ಯಾರ ಸ್ವತ್ತು?

ನಮ್ಮ ಸೋದರತ್ತೆಯ ನಾಲಿಗೆಯಲ್ಲಿ ವಿಷವಿದೆಯೆಂದು ಬೀದಿಯವರೆಲ್ಲ ಹೇಳುತ್ತಿದ್ದರು. ಮನೆಯವರಾದ ನಾವೂ ಹೇಳುತ್ತಿದ್ದೆವು. ಕಾರಣವಿಲ್ಲದೆ ಹೇಳುತ್ತಿದ್ದೆವೆಂದಲ್ಲ. ಊಟಕ್ಕೆ ಕುಳಿತ ಹುಡುಗರು ಎರಡನೆಯ ಸಲ ತುಪ್ಪ ಕೇಳಿದರೆ, "ನಿಮ್ಮ ಗಂಟಲಿಗೆ ಮಾರಿ ಬಡಿಯ" ಎಂದುಬಿಡುವಳು. ಮನೆಯ ಸೊಸೆಯರು ಹೊಸ ಸೀರೆಯುಟ್ಟು ಮದುವೆಗೆ ಹೊರಟರೆ, ಹೊಸ್ತಿಲು ದಾಟುವ ಹೊತ್ತಿಗೆ ಸರಿಯಾಗಿ ಬೆನ್ನ ಹಿಂದೆ ಒಂದು ಮಾತು ಬೀಳುವುದು. ಮಾತು ಸಣ್ಣದೇ, ಆದರೆ ಮದುವೆಯ ಊಟವನ್ನೆಲ್ಲ ಕಹಿಮಾಡುವಷ್ಟು ಕಸುವು ಅದರಲ್ಲಿರುತ್ತಿತ್ತು. ಇದು 1950ರ ದಶಕದ ಮಾತು. ಆಗ ನಾನು ಚಿಕ್ಕವ. ಹಾವಿನ ಹಲ್ಲಿನಲ್ಲಿ ಇರುವಂತೆ ಅತ್ತೆಯ ನಾಲಿಗೆಯಲ್ಲಿಯೂ ವಿಷವೆಂಬುದು ಹುಟ್ಟಿನಿಂದಲೇ ಬಂದ ಪದಾರ್ಥವೆಂದು ನಂಬಿದ್ದೆ.

ಆಕೆಯ ಶಾಪದಲ್ಲಿ ಬರುತ್ತಿದ್ದ ಮಾರಿ ಬರಿಯ ಮಾತಲ್ಲ. ಗಂಟಲಮಾರಿ ಎಂಬ ರೋಗವೇ ಇದೆ. ಡಾಕ್ಟರುಗಳು ಅದನ್ನು ಡಿಫ್ತೀರಿಯ ಎನ್ನುತ್ತಾರೆ. ಮಕ್ಕಳ ಗಂಟಲಿನಲ್ಲಿ ಬೂದುಬಣ್ಣದ ಪೊರೆಯೊಂದು ಬೆಳೆದು ಉಸಿರು ಕಟ್ಟುತ್ತದೆ. ಉಸಿರು ಕಟ್ಟದೆ ಉಳಿದುಕೊಂಡ ಮಗುವೂ, ಒಂದೆರಡು ವಾರ ಕಳೆದು ಎಲ್ಲ ಸರಿಹೋಯಿತೆಂದು ಮನೆಯವರು ನೆಮ್ಮದಿಯಾಗಿರುವಾಗ, ಹೃದಯ ಸೋತು ಸಾಯುವುದುಂಟು. ಬಹಳ ವರ್ಷಗಳಾದ ಮೇಲೆ, ಮೊಮ್ಮಗುವಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಂದ ಸಂಜೆ, ಈ ರೋಗದ ವಿಷಯ ಓದುತ್ತ ಕುಳಿತವನಿಗೆ ಅದರ ಕ್ರಿಮಿಯ ಬಗೆಗೆ ಒಂದು ಸಂಗತಿ ಎದುರಾಯಿತು. ಓದಿ ಪುಸ್ತಕ ಮುಚ್ಚಿದೆ. ಅತ್ತೆ ನೆನಪಾದಳು. ಅತ್ತೆಯನ್ನು ರೋಗದ ಕ್ರಿಮಿಗೆ ಹೋಲಿಸಹೊರಟಿದ್ದಾನಲ್ಲ ಎಂದು ಓದುಗರು ಮುನಿಯಬಾರದು. ಈ ಹೋಲಿಕೆಯಲ್ಲಿ ನಮ್ಮ ಪಾಲಿಗೆ ಬರುವ ಪಾತ್ರವೂ ಅಷ್ಟೇನೂ ಒಳ್ಳೆಯದಲ್ಲ.

ಈ ಕ್ರಿಮಿಯನ್ನು ಬೇರ್ಪಡಿಸಿ ಬೆಳೆಸಿ ನೋಡಿದವನು ಜರ್ಮನಿಯ ಫ್ರೀಡ್ರಿಖ್ ಲೋಫ್ಲರ್, 1884ರಲ್ಲಿ. ಅವನು ಪ್ರಾಮಾಣಿಕ ಮನುಷ್ಯ. ತನ್ನ ವಾದಕ್ಕೆ ಅನುಕೂಲವಲ್ಲದ ಸಂಗತಿಗಳನ್ನೂ ಬರೆದಿಟ್ಟ. ಕ್ರಿಮಿಗಳು ಗಂಟಲಿನಲ್ಲಿಯೇ ಕುಳಿತಿರುತ್ತವೆ, ಕೆಡುವುದು ಮಾತ್ರ ದೂರದ ಅಂಗಗಳು, ಇದು ಹೇಗೆ? ಇದು ಒಂದು. ಇನ್ನೊಂದು, ಯಾವ ರೋಗವೂ ಇಲ್ಲದೆ ಆಡಿಕೊಂಡಿದ್ದ ಒಂದು ಮಗುವಿನ ಗಂಟಲಿನಲ್ಲಿಯೂ ಅವನಿಗೆ ಅದೇ ಕ್ರಿಮಿ ಸಿಕ್ಕಿತು. ಕಳ್ಳನ ಮನೆಯಲ್ಲಿ ಸಿಕ್ಕಿದ ಕತ್ತಿ ಸಾಧುವಿನ ಮನೆಯಲ್ಲಿಯೂ ಸಿಕ್ಕಿದಂತಾಯಿತು.

ಮೊದಲನೆಯ ತೊಡಕನ್ನು 1888ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯ ಎಮಿಲ್ ರೂ ಮತ್ತು ಯೆರ್ಸಿನ್ ಬಿಡಿಸಿದರು. ಕ್ರಿಮಿ ಬೆಳೆದ ಸಾರನ್ನು ಅವರು ಮೆರುಗಿಲ್ಲದ ಪಿಂಗಾಣಿಯ ಮೂಲಕ ಸೋಸಿದರು. ಸೋಸಿದ ನೀರಿನಲ್ಲಿ ಒಂದು ಕ್ರಿಮಿಯೂ ಇಲ್ಲ. ಆದರೂ ಅದನ್ನು ಚುಚ್ಚಿದ ಪ್ರಾಣಿಗಳು ಸತ್ತವು. ಅಂದರೆ ಕೊಲ್ಲುವುದು ಕ್ರಿಮಿಯಲ್ಲ, ಅದು ಹೊರಹಾಕುವ ವಿಷ. ನಮ್ಮ ನೀಲಕಂಠ ಲೋಕಕ್ಕಾಗಿ ವಿಷವನ್ನು ಗಂಟಲಿನಲ್ಲಿಯೇ ತಡೆದು ನಿಲ್ಲಿಸಿಕೊಂಡ. ಇಲ್ಲಿ ನಡೆಯುವುದು ಅದಕ್ಕೆ ತೀರ ವಿರುದ್ಧ. ಕ್ರಿಮಿ ಗಂಟಲಿನಲ್ಲಿ ನಿಲ್ಲುತ್ತದೆ, ವಿಷ ಕೆಳಗಿಳಿಯುತ್ತದೆ. ಆ ವಿಷವಾದರೂ ಎಂಥದು! ದೇಹದ ತೂಕ ಒಂದು ಕಿಲೋಗ್ರಾಮಿಗೆ, ಮಿಲಿಗ್ರಾಮನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು, ಸಾವಿಗೆ ಸಾಕು. ಜೀವಕೋಶದ ಒಳಹೊಕ್ಕು ಅದು ಪ್ರೋಟೀನು ಕಟ್ಟುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಒಂದು ಕೋಶವನ್ನು ಕೊಲ್ಲಲು ಒಂದೇ ಒಂದು ಅಣು ಸಾಕೆಂದು 1978ರಲ್ಲಿ ತೋರಿಸಿದ್ದಾರೆ. 1890ರಲ್ಲಿ ಬೇರಿಂಗ್ ಮತ್ತು ಕಿಟಾಸಾಟೊ ಇದಕ್ಕೆ ಪ್ರತಿವಿಷದ ದಾರಿ ಕಂಡುಹಿಡಿದರು. 1894ರಲ್ಲಿ ರೂ ಪ್ಯಾರಿಸಿನ ಮಕ್ಕಳ ಆಸ್ಪತ್ರೆಯಲ್ಲಿ ಕುದುರೆಯ ರಕ್ತದಿಂದ ತೆಗೆದ ಪ್ರತಿವಿಷ ಕೊಟ್ಟಾಗ, ನೂರಕ್ಕೆ ಐವತ್ತರಷ್ಟು ಸಾಯುತ್ತಿದ್ದ ಮಕ್ಕಳಲ್ಲಿ ಸಾವು ಇಪ್ಪತ್ತೈದರಷ್ಟಕ್ಕೆ ಇಳಿಯಿತು. ವೈದ್ಯಶಾಸ್ತ್ರದ ಮೊದಲ ನೊಬೆಲ್ ಬಹುಮಾನ 1901ರಲ್ಲಿ ಬೇರಿಂಗನಿಗೆ ಬಂದುದು ಇದಕ್ಕಾಗಿಯೇ.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ. ನನಗೆ ಬೇಕಾದ ಭಾಗ ಇಲ್ಲಿಂದ ಮೊದಲಾಗುತ್ತದೆ.

ಔಷಧ ಮಾಡುವುದಕ್ಕಾಗಿ ವಿಷವನ್ನು ಬೇಕೆಂದೇ ತಯಾರಿಸಬೇಕಾಗಿ ಬಂದವರಿಗೆ ಒಂದು ಕಷ್ಟವಿತ್ತು. ಅದೇ ತಳಿಯ ಕ್ರಿಮಿ, ಅದೇ ಬಗೆಯ ಮಾಂಸದ ಸಾರು, ಅದೇ ಶಾಖ. ಆದರೂ ಒಂದು ಪಾತ್ರೆಯಲ್ಲಿ ವಿಷ ಸಮೃದ್ಧ, ಇನ್ನೊಂದರಲ್ಲಿ ಬರ. ಕ್ರಿಮಿಗಳೇನೋ ಎರಡರಲ್ಲಿಯೂ ಚೆನ್ನಾಗಿಯೇ ಬೆಳೆದಿರುತ್ತಿದ್ದವು. 1930ರ ದಶಕದಲ್ಲಿ ಈ ಒಗಟು ಬಿಡಿಸಿತು. 1936ರಲ್ಲಿ ಅಮೆರಿಕದ ಪ್ಯಾಪನ್‌ಹೈಮರ್ ಮತ್ತು ಜಾನ್ಸನ್ ಅದನ್ನು ಖಚಿತವಾಗಿ ನಿರೂಪಿಸಿದರು. ವ್ಯತ್ಯಾಸಕ್ಕೆ ಕಾರಣ ಕಬ್ಬಿಣ. ಒಂದು ಲೀಟರು ಸಾರಿನಲ್ಲಿ ಕಬ್ಬಿಣ 0.14 ಮಿಲಿಗ್ರಾಮಿನಷ್ಟು ಇದ್ದರೆ ವಿಷ ತನ್ನ ತುಟ್ಟತುದಿಯಲ್ಲಿ ಇರುತ್ತದೆ, ಅದು 0.5 ಮಿಲಿಗ್ರಾಮಿಗೆ ಏರಿದರೆ ವಿಷ ಹೆಚ್ಚು ಕಡಮೆ ಇಲ್ಲವೇ ಇಲ್ಲ. ಇವೆರಡರ ನಡುವಣ ಅಂತರ ಕಣ್ಣಿಗೆ ಕಾಣುವಂಥದಲ್ಲ, ನಾಲಿಗೆಗೆ ತಿಳಿಯುವಂಥದೂ ಅಲ್ಲ. ಕ್ರಿಮಿಗೆ ಅದು ಬರಗಾಲಕ್ಕೂ ಸುಭಿಕ್ಷಕ್ಕೂ ಇರುವ ಅಂತರ. ತನಗೆ ಬೇಕಾದ ಕಬ್ಬಿಣ ಸಿಕ್ಕುವವರೆಗೆ ಅದು ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಕಬ್ಬಿಣ ಬರಿದಾಗುತ್ತ ಬಂದಾಗ ವಿಷ ಹೊರಡುತ್ತದೆ.

ಇಷ್ಟೇ ಆಗಿದ್ದರೆ 'ಹಸಿದವನಿಗೆ ಸಿಟ್ಟು' ಎಂದು ಹೇಳಿ ಮುಗಿಸಬಹುದಾಗಿತ್ತು. ಆದರೆ 1951ರಲ್ಲಿ ವಿಕ್ಟರ್ ಫ್ರೀಮನ್ ಎಂಬ ಅಮೆರಿಕದ ವಿಜ್ಞಾನಿ ಇನ್ನೊಂದು ಸಂಗತಿ ಹೊರಗಿಟ್ಟ. ಈ ಕ್ರಿಮಿಗಳಲ್ಲಿ ಎಷ್ಟು ಹಸಿದರೂ ವಿಷ ಮಾಡಲಾರದ ತಳಿಗಳುಂಟು. ಅಂಥ ಸಾಧು ಕ್ರಿಮಿಗೆ ಒಂದು ಬಗೆಯ ವೈರಸ್ ತಗುಲಿತೆಂದರೆ, ಅದರ ಸಂತತಿ ವಿಷಕಾರಿಯಾಗುತ್ತದೆ. ಕ್ರಿಮಿಗೂ ಕಾಯಿಲೆ ಬರುತ್ತದೆಯೆಂಬುದೇ ನಮ್ಮಂಥವರಿಗೆ ಸೋಜಿಗ. ಇಲ್ಲಿ ಬಂದ ಕಾಯಿಲೆ ಅದನ್ನು ಕೊಲ್ಲದೆ ಅದರ ಮನೆಯಲ್ಲಿಯೇ ಬಿಡಾರ ಮಾಡುತ್ತದೆ. ವಿಷದ ಜೀನು, ಎಂದರೆ ವಿಷವನ್ನು ತಯಾರಿಸುವ ಕ್ರಮವನ್ನು ಬರೆದಿಟ್ಟ ಓಲೆ, ಈ ವೈರಸ್ಸಿನದೇ ಎಂದು 1971ರಲ್ಲಿ ಸ್ಥಿರಪಟ್ಟಿತು. ಲೋಫ್ಲರನ ಆರೋಗ್ಯವಂತ ಮಗು ಹೇಗೆ ಆರೋಗ್ಯವಾಗಿದ್ದೀತು ಎಂಬುದಕ್ಕೆ ಇಲ್ಲಿ ಒಂದು ಉತ್ತರವುಂಟು; ಅದರ ಗಂಟಲಿನಲ್ಲಿ ಇದ್ದುದು ಓಲೆಯಿಲ್ಲದ ತಳಿಯಾಗಿದ್ದಿರಬಹುದು.

ಅಲ್ಲಿಗೂ ಮುಗಿಯಲಿಲ್ಲ. ವೈರಸ್ಸಿನ ಓಲೆಗೆ ಒಂದು ಬೀಗವಿದೆ. ಆ ಬೀಗ ವೈರಸ್ಸಿನದಲ್ಲ, ಕ್ರಿಮಿಯ ಸ್ವಂತದ್ದು. ಅದರ ಜೀನನ್ನು 1990ರಲ್ಲಿ ಬೇರ್ಪಡಿಸಿದರು. ಅದೊಂದು ಪ್ರೋಟೀನು. ಕಬ್ಬಿಣ ಕೈಗೆ ಸಿಕ್ಕಿದಾಗ ಅದನ್ನು ಹಿಡಿದುಕೊಂಡು ಬಂದು ಓಲೆಯ ತಲೆಯ ಮೇಲೆ ಕುಳಿತುಬಿಡುತ್ತದೆ. ಆಗ ಓಲೆಯನ್ನು ಯಾರೂ ಓದಲಾರರು. ಕಬ್ಬಿಣ ಕೈಬಿಟ್ಟಿತೆಂದರೆ ಬೀಗ ಜಾರುತ್ತದೆ, ಓಲೆ ಬಿಚ್ಚಿಕೊಳ್ಳುತ್ತದೆ. ಇದೇ ಬೀಗ ಇನ್ನೂ ಕೆಲವು ಓಲೆಗಳನ್ನು ಕಾಯುತ್ತದೆ, ಅವುಗಳಲ್ಲಿ ಸುತ್ತಲಿನ ಕಬ್ಬಿಣವನ್ನು ಹಿಡಿದು ತರುವ ಉಪಕರಣಗಳ ಓಲೆಯೂ ಒಂದು. ಹಸಿವಾದಾಗ ಭಿಕ್ಷಾಪಾತ್ರೆಯೂ ಚೂರಿಯೂ ಒಂದೇ ಪೆಟ್ಟಿಗೆಯಿಂದ ಒಂದೇ ಗಳಿಗೆಯಲ್ಲಿ ಹೊರಬರುತ್ತವೆ. ಈ ವಾಕ್ಯ ಬರೆದು ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಇನ್ನು ಕಬ್ಬಿಣ ಏಕೆ ಸಿಕ್ಕುವುದಿಲ್ಲ? ನಮ್ಮ ಮೈಯಲ್ಲಿ ಅದಕ್ಕೇನೂ ಬರವಿಲ್ಲ. ಬೆಳೆದ ಮನುಷ್ಯನ ದೇಹದಲ್ಲಿ ಮೂರು ನಾಲ್ಕು ಗ್ರಾಂ ಕಬ್ಬಿಣವಿದೆ, ಇಷ್ಟು ಸಣ್ಣ ಕ್ರಿಮಿಗೆ ಅದು ಮೇರುಪರ್ವತ. ಆದರೆ ಎಲ್ಲವೂ ಉಗ್ರಾಣದಲ್ಲಿದೆ. ಹೆಚ್ಚಿನ ಪಾಲು ರಕ್ತಕಣಗಳ ಒಳಗೆ. ಉಳಿದುದರಲ್ಲಿ ನೆತ್ತರಿನಲ್ಲಿ ಹರಿಯುವ ಅಂಶವನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಬಿಗಿಯಾಗಿ ಹಿಡಿದುಕೊಂಡು ಹೋಗುತ್ತದೆ, ದಾರಿಯಲ್ಲಿ ಯಾರಿಗೂ ಒಂದು ಕಾಳು ಬೀಳಗೊಡುವುದಿಲ್ಲ. ಸೋಂಕು ತಗುಲಿದೆಯೆಂದು ತಿಳಿದೊಡನೆ ದೇಹ ಇನ್ನೂ ಜಿಪುಣವಾಗಿ, ಹರಿಯುತ್ತಿರುವುದನ್ನೂ ಹಿಂದಕ್ಕೆಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಇದು ದೇಹದ ಬುದ್ಧಿವಂತಿಕೆ. ಕಬ್ಬಿಣ ಬಯಲಿನಲ್ಲಿ ಬಿದ್ದಿದ್ದರೆ ಗಂಟಲಮಾರಿಯ ಕ್ರಿಮಿಯೊಂದೇ ಅಲ್ಲ, ಹಾದುಹೋಗುವ ಕ್ರಿಮಿಗಳೆಲ್ಲ ಬಂದು ಜಾತ್ರೆ ಮಾಡುತ್ತಿದ್ದವು. ಆದರೆ ಆ ಬುದ್ಧಿವಂತಿಕೆಯೇ ಈ ಒಂದು ಕ್ರಿಮಿಯ ಬೀಗವನ್ನು ಜಾರಿಸುತ್ತದೆ.

ಈಗ ನ್ಯಾಯಸ್ಥಾನಕ್ಕೆ ಬರೋಣ. ಮಗು ಸತ್ತಿದೆ. ವಿಷ ಯಾರದು? ಓಲೆ ವೈರಸ್ಸಿನದು, ಆದರೆ ಅದಕ್ಕೆ ತಾನಾಗಿ ಒಂದು ತೊಟ್ಟು ವಿಷ ಮಾಡುವ ಶಕ್ತಿಯಿಲ್ಲ. ಬೀಗ ಮತ್ತು ಅಡುಗೆಮನೆ ಕ್ರಿಮಿಯವು. ಆದರೆ ಓಲೆ ಅದರದಲ್ಲ, ಹಸಿವು ಅದು ಕೇಳಿ ತಂದುಕೊಂಡದ್ದಲ್ಲ. ಬೀಗವನ್ನು ಜಾರಿಸಿದ್ದು ಕಬ್ಬಿಣ ಬಚ್ಚಿಟ್ಟ ದೇಹ, ಎಂದರೆ ಸತ್ತ ಮಗುವೇ. ಮೂವರಲ್ಲಿ ಯಾರನ್ನು ಕಟಕಟೆಗೆ ನಿಲ್ಲಿಸಿದರೂ ಇನ್ನಿಬ್ಬರ ಕಡೆ ಕೈ ತೋರಿಸಲು ಅವರಿಗೆ ಅವಕಾಶವಿದೆ. ತೋರಿಸಿದರೆ ಸುಳ್ಳೂ ಆಗುವುದಿಲ್ಲ.

ಇಂಥ ಪ್ರಶ್ನೆಗಳಿಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಹಳಬರದು 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬುದು. ಹೊಸಬರದು 'ಪರಿಸ್ಥಿತಿಯೇ ಎಲ್ಲ, ಪಾಪ ಅವನೇನು ಮಾಡುತ್ತಾನೆ' ಎಂಬುದು. ಮೊದಲನೆಯದು ಹೇಳಿದವನ ಕೈ ತೊಳೆದುಬಿಡುತ್ತದೆ. ನಾನು ಅನ್ನ ಹಾಕಿದರೇನು ಬಿಟ್ಟರೇನು, ಅವನ ಗುಣ ಅವನದು. ಎರಡನೆಯದು ಕೇಳುವುದಕ್ಕೆ ಉದಾರವಾಗಿದೆ, ಆದರೆ ಅದರ ಲೆಕ್ಕವೂ ಸರಿಹೋಗುವುದಿಲ್ಲ. ಓಲೆಯಿಲ್ಲದ ಕ್ರಿಮಿಯನ್ನು ಎಷ್ಟು ಹಸಿಸಿದರೂ ವಿಷ ಬಾರದು. ಓಲೆಯುಳ್ಳದ್ದಕ್ಕೆ ಎಷ್ಟು ಉಣಿಸಿದರೂ ಓಲೆ ಹೋಗದು. ಉಂಡ ಕ್ರಿಮಿಯೂ ಸುಮ್ಮನಿರುವುದಿಲ್ಲ, ಇಮ್ಮಡಿ ಮುಮ್ಮಡಿಯಾಗುತ್ತ ಹೋಗುತ್ತದೆ. ಮರುದಿನದ ಹಸಿವಿಗೆ ಅಷ್ಟು ಹೆಚ್ಚು ಬಾಯಿಗಳು. ಗಂಟಲಮಾರಿ ಬಂದ ಮಗುವಿಗೆ ಕಬ್ಬಿಣದ ಔಷಧ ಕುಡಿಸಿ ಕ್ರಿಮಿಯನ್ನು ಸಮಾಧಾನಮಾಡೋಣವೆಂದು ಯಾವ ವೈದ್ಯನೂ ಹೊರಡಲಾರ.

ಪರಿಸ್ಥಿತಿಯೇ ಎಲ್ಲ ಎನ್ನುವವರ ದಾರಿ ಎಲ್ಲಿಗೆ ಮುಟ್ಟೀತೆಂಬುದಕ್ಕೆ ಒಂದು ನಿದರ್ಶನ ಕಾಲರಾದ ಚರಿತ್ರೆಯಲ್ಲಿದೆ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಪೆಟ್ಟನ್‌ಕೋಫರ್ ಎಂಬ ಮಹಾ ಪಂಡಿತನಿದ್ದ. ಬರಿಯ ಕ್ರಿಮಿಯಿಂದ ಕಾಲರಾ ಬರುವುದಿಲ್ಲ, ನೆಲ, ತೇವ, ಕೊಳೆ ಇವು ಹದಗೂಡಿದರೆ ಮಾತ್ರ ಬರುತ್ತದೆ ಎಂದು ಅವನ ವಾದ. ಅದನ್ನು ಸಾಧಿಸಲು 1892ರ ಅಕ್ಟೋಬರಿನಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಕಾಲರಾ ಕ್ರಿಮಿಗಳ ದ್ರವವನ್ನು ಎಲ್ಲರೆದುರಿಗೆ ಕುಡಿದುಬಿಟ್ಟ. ಸ್ವಲ್ಪ ಭೇದಿಯಾಯಿತು, ಬದುಕಿಕೊಂಡ. ಎದೆಗಾರಿಕೆಗೆ ಮೆಚ್ಚಬೇಕು. ಅದೇ ವಿಶ್ವಾಸದಿಂದ ಅವನು ಮ್ಯೂನಿಕ್ಕಿಗೆ ಒಳ್ಳೆಯ ನೀರನ್ನೂ ಚರಂಡಿಯನ್ನೂ ತಂದು ಎಷ್ಟೋ ಜೀವ ಉಳಿಸಿದ್ದ. ಆದರೆ ಅವನ ಮತವನ್ನು ನೆಚ್ಚಿ ಕುಡಿಯುವ ನೀರನ್ನು ಸೋಸುವ ಕೆಲಸವನ್ನು ಮುಂದಕ್ಕೆ ಹಾಕುತ್ತ ಬಂದ ಹ್ಯಾಂಬರ್ಗ್ ನಗರದಲ್ಲಿ ಅದೇ 1892ರಲ್ಲಿ ಎಂಟು ಸಾವಿರಕ್ಕಿಂತ ಹೆಚ್ಚು ಜನ ಕಾಲರಾದಿಂದ ಸತ್ತರು. ಪಕ್ಕದಲ್ಲಿಯೇ ಅಂಟಿಕೊಂಡಿದ್ದ ಆಲ್ಟೋನ ಪಟ್ಟಣ ನೀರು ಸೋಸುತ್ತಿತ್ತು, ಬಹುಮಟ್ಟಿಗೆ ಪಾರಾಯಿತು. ಕಾಲರಾ ಕ್ರಿಮಿಯೂ ಒಂದು ವಿಷದಿಂದಲೇ ಕೊಲ್ಲುತ್ತದೆಂದು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ದೇ. ಅದರ ಓಲೆಯೂ ವೈರಸ್ಸಿನಿಂದಲೇ ಬಂದದ್ದೆಂದು 1996ರಲ್ಲಿ ಗೊತ್ತಾಯಿತು. ನದಿ ಸಮುದ್ರ ಸೇರುವ ಉಪ್ಪು ನೀರಿನಲ್ಲಿ, ಸಣ್ಣ ಚಿಪ್ಪುಜೀವಿಗಳ ಮೈಗೆ ಅಂಟಿಕೊಂಡು ಅದು ತನ್ನ ಪಾಡಿಗೆ ಬಾಳುವುದೂ ಉಂಟು. ಪೆಟ್ಟನ್‌ಕೋಫರನ ಮಾತು ಪೂರ್ತಿ ಸುಳ್ಳಲ್ಲವೆಂಬುದು ಹೀಗೆ ಕಾಲಾನಂತರ ತಿಳಿಯಿತು. ಸತ್ತವರಿಗೆ ಅದರಿಂದ ಆದ ಪ್ರಯೋಜನವೇನು?

ಅತ್ತೆಯ ವಿಷಯಕ್ಕೆ ಬರುತ್ತೇನೆ. ಆಕೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕಿನೊಡನೆ ತಮ್ಮನ ಮನೆಗೆ, ಎಂದರೆ ನಮ್ಮ ಮನೆಗೆ, ಬಂದವಳು. ನಾಲ್ಕು ಗಂಟೆಗೆ ಎದ್ದು ಹನ್ನೊಂದು ಜನಕ್ಕೆ ಬೇಯಿಸುವಳು. ಉಪ್ಪಿನಕಾಯಿ, ಹಪ್ಪಳ, ಬಾಣಂತಿಯ ಆರೈಕೆ, ಶ್ರಾದ್ಧದ ಮಡಿ, ಎಲ್ಲಕ್ಕೂ ಆಕೆಯೇ. ಉಗ್ರಾಣದ ಬೀಗದಕೈ ಮಾತ್ರ ನಮ್ಮ ತಾಯಿಯ ಸೊಂಟದಲ್ಲಿ. ಅಕ್ಕಿ ಬೇಕಾದರೆ, ಬೆಲ್ಲ ಬೇಕಾದರೆ, ಅತ್ತೆ ಬಂದು ನಡುಮನೆಯಲ್ಲಿ ನಿಂತುಕೊಳ್ಳಬೇಕು. ತಾಯಿ ಎದ್ದು ಬಂದು ಬಾಗಿಲು ತೆರೆದು, ಅಳೆದು ಕೊಟ್ಟು, ಮತ್ತೆ ಬೀಗ ಹಾಕುವಳು. ತುಪ್ಪವನ್ನಂತೂ ದಿನಕ್ಕೆ ಇಷ್ಟೆಂದು ಗಿಂಡಿಯಲ್ಲಿ ಹೊರಗಿಡುವುದು. ಹುಡುಗರು ಎರಡನೆಯ ಸಲ ತುಪ್ಪ ಕೇಳಿದಾಗ ಗಿಂಡಿ ಬರಿದಾಗಿರುತ್ತಿತ್ತು. ಬಡಿಸುವವಳ ಕೈಯಲ್ಲಿ ಬರಿಯ ಗಿಂಡಿ, ಎದುರಿಗೆ ಚಾಚಿದ ನಾಲ್ಕು ಕೈ. "ಇಲ್ಲ" ಎನ್ನಬೇಕಾದವಳು ಬೀಗ ಹಾಕಿದವಳಲ್ಲ, ಈಕೆ. ಇದು ನನಗೆ ಹೊಳೆಯುವುದಕ್ಕೆ ಐವತ್ತು ವರ್ಷ ಬೇಕಾಯಿತು.

ಹಾಗೆಂದು ನನ್ನ ತಾಯಿಯನ್ನು ಕಟಕಟೆಗೆ ನಿಲ್ಲಿಸಲಾರೆ. ಯುದ್ಧಕಾಲದ ರೇಷನ್ನಿನ ದಿನಗಳಲ್ಲಿ ಸಂಸಾರ ಕಲಿತವಳು ಆಕೆ. ತಂದೆಯ ಸಂಬಳ ಅರವತ್ತು ರೂಪಾಯಿ. ಉಗ್ರಾಣ ಬಾಗಿಲು ತೆರೆದೇ ಇದ್ದಿದ್ದರೆ ತಿಂಗಳ ಇಪ್ಪತ್ತನೆಯ ತಾರೀಖು ಒಲೆ ಹತ್ತುತ್ತಿರಲಿಲ್ಲ. ಬೀಗ ಹಾಕುವುದು ಆಕೆಯ ಪಾಲಿಗೆ ಮಕ್ಕಳನ್ನು ಉಳಿಸಿಕೊಳ್ಳುವ ಉಪಾಯ. ಅದರಿಂದ ಇನ್ನೊಬ್ಬಳ ಮನಸ್ಸಿನಲ್ಲಿ ಏನು ಜಾರುತ್ತಿತ್ತೆಂದು ಯೋಚಿಸುವಷ್ಟು ಬಿಡುವು ಆಕೆಗಿರಲಿಲ್ಲ. ಇತ್ತ ಅತ್ತೆಯನ್ನೂ ಪೂರ್ತಿ ಬಿಡುಗಡೆ ಮಾಡಲಾರೆ. ಎದುರು ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಒಬ್ಬಾಕೆಯ ಸ್ಥಿತಿ ಇದಕ್ಕಿಂತ ಕೀಳಾಗಿತ್ತು. ಆಕೆಗೆ ಟ್ರಂಕೂ ಇರಲಿಲ್ಲ, ತಮ್ಮನೂ ಇರಲಿಲ್ಲ. ಆದರೂ ಆಕೆಯ ಬಾಯಿಂದ ಒಂದು ಕೆಟ್ಟ ಮಾತು ನಾನು ಕೇಳಿದ್ದಿಲ್ಲ. ಓಲೆಯೇ ಇರಲಿಲ್ಲವೋ, ಬೀಗ ಬೇರೆ ಬಗೆಯದೋ, ಯಾರು ಹೇಳಬೇಕು? ಸೊಸೆಯರು ಮದುವೆಯ ಮನೆಯಲ್ಲಿ ನುಂಗಿದ ಕಣ್ಣೀರು ಮಾತ್ರ ನಿಜವಾದದ್ದೇ. ಅತ್ತೆಗೆ ಬೀಗದಕೈ ಇರಲಿಲ್ಲವೆಂದು ಅವರಿಗೆ ವಿವರಿಸಿದ್ದರೆ ಅದು ಒಣಗುತ್ತಿರಲಿಲ್ಲ.

ಈ ಗೊಂದಲದಲ್ಲಿ ವೈದ್ಯರು ಮಾಡಿದ ಒಂದು ಕೆಲಸ ನನಗೆ ತುಂಬ ಹಿಡಿಸಿದೆ. ವಿಷ ಯಾರದೆಂಬ ವ್ಯಾಜ್ಯ ತೀರಲೆಂದು ಅವರು ಕಾಯಲಿಲ್ಲ. 1923ರಲ್ಲಿ ಫ್ರಾನ್ಸಿನ ಗಾಸ್ತಾಂ ರಾಮೋಂ ಈ ವಿಷವನ್ನು ಫಾರ್ಮಲಿನ್ ಬೆರಸಿ ಬಿಸುಪಿನಲ್ಲಿಟ್ಟು ಅದರ ಹಲ್ಲು ಕಿತ್ತ. ಕಚ್ಚಲಾರದ ಆ ವಿಷವೇ ಇಂದು ಮಕ್ಕಳಿಗೆ ಚುಚ್ಚುವ ಲಸಿಕೆ. ನಮ್ಮ ದೇಶದಲ್ಲಿ ಡಿ.ಪಿ.ಟಿ. ಎಂಬ ಹೆಸರಿನಿಂದ 1978ರ ಲಸಿಕೆ ಕಾರ್ಯಕ್ರಮದೊಂದಿಗೆ ಅದು ವ್ಯಾಪಕವಾಗಿ ಬಂದಿತು. ಇದರ ಸ್ವಾರಸ್ಯವೇನೆಂದರೆ, ಈ ಲಸಿಕೆ ಕ್ರಿಮಿಯನ್ನು ಕೊಲ್ಲುವುದಕ್ಕೆ ಹೊರಟದ್ದಲ್ಲ. ವಿಷವನ್ನು ಗುರುತು ಹಿಡಿದು ಕಟ್ಟಿಹಾಕುವುದನ್ನು ಮಾತ್ರ ದೇಹಕ್ಕೆ ಕಲಿಸುತ್ತದೆ. ಲಸಿಕೆ ಹಾಕಿಸಿಕೊಂಡವನ ಗಂಟಲಿನಲ್ಲಿ ಕ್ರಿಮಿ ಬಂದು ನೆಲಸಿದರೂ ನೆಲಸಬಹುದು, ಅವನಿಗೆ ರೋಗವಿಲ್ಲ. ದ್ವೇಷವಿಲ್ಲದ ರಕ್ಷಣೆ ಎಂದರೆ ಇದೇ ಇರಬೇಕು. ಆ ವಿಷವನ್ನು ಕಾರ್ಖಾನೆಯಲ್ಲಿ ಪಡೆಯುವುದು ಹೇಗೆಂದು ಕೇಳಿದರೆ ಮಾತ್ರ ಮತ್ತೆ ಮುಜುಗರ. ಕ್ರಿಮಿಯನ್ನು ಕಬ್ಬಿಣವಿಲ್ಲದ ಸಾರಿನಲ್ಲಿ ಉಪವಾಸ ಕೆಡವಿಯೇ ಪಡೆಯಬೇಕು. ಅದಕ್ಕಾಗಿ ಜಗತ್ತಿನಾದ್ಯಂತ ಬಳಸುತ್ತ ಬಂದ ಪ್ರಸಿದ್ಧ ತಳಿಯನ್ನು 1894ರಲ್ಲಿ ನ್ಯೂಯಾರ್ಕಿನಲ್ಲಿ ಆನಾ ವಿಲಿಯಮ್ಸ್ ಎಂಬ ಮಹಿಳೆ ಬೇರ್ಪಡಿಸಿದಳು. ಪಾರ್ಕ್-ವಿಲಿಯಮ್ಸ್ 8 ಎಂದು ಅದರ ಹೆಸರು. ಹೆಸರಿನಲ್ಲಿ ಮೊದಲ ಸ್ಥಾನ ಆಕೆಯ ಮೇಲಧಿಕಾರಿಯದು, ಅದೂ ಒಂದು ಲೋಕರೂಢಿ. ಇಷ್ಟು ಘೋರ ವಿಷಕಾರಿಯಾದ ಈ ತಳಿ ಸಿಕ್ಕಿದ್ದು ಸಾಯುತ್ತಿದ್ದ ರೋಗಿಯ ಗಂಟಲಿನಲ್ಲಲ್ಲ, ರೋಗ ಸೌಮ್ಯವಾಗಿದ್ದ ಒಬ್ಬರ ಗಂಟಲಿನಲ್ಲಿ.

ಲಸಿಕೆ ಬಂದಿತೆಂದು ಮೈಮರೆತರೆ ಏನಾಗುತ್ತದೆಂಬುದನ್ನೂ ಲೋಕ ಕಂಡಿದೆ. ಸೋವಿಯತ್ ಒಕ್ಕೂಟ ಒಡೆದ ಕಾಲದಲ್ಲಿ ಆ ದೇಶಗಳಲ್ಲಿ ಲಸಿಕೆಯ ಏರ್ಪಾಡು ಸಡಿಲಿತು, ಜನ ಗುಂಪುಗುಂಪಾಗಿ ಊರು ಬಿಟ್ಟು ಅಲೆದರು, ದೊಡ್ಡವರ ಮೈಯಲ್ಲಿ ಹಳೆಯ ರಕ್ಷಣೆ ಸವೆದುಹೋಗಿತ್ತು. 1990ರಿಂದ 1998ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನಕ್ಕೆ ಗಂಟಲಮಾರಿ ತಗುಲಿತು. ಸುಮಾರು 5,000 ಜನ ಸತ್ತರು. ಕ್ರಿಮಿ ಎಲ್ಲಿಯೂ ಹೋಗಿರಲಿಲ್ಲ.

ಕ್ರಿಮಿಗೂ ಅತ್ತೆಗೂ ಇರುವ ಮುಖ್ಯ ವ್ಯತ್ಯಾಸವೊಂದನ್ನು ನಾನು ಇನ್ನೂ ಹೇಳಿಲ್ಲ. ಕಬ್ಬಿಣ ಇಳಿಯುವುದಕ್ಕೂ ವಿಷ ಹೊರಡುವುದಕ್ಕೂ ನಡುವೆ ಕ್ರಿಮಿಗೆ ಯಾವ ವಿಚಾರಣೆಯೂ ಇಲ್ಲ. ಇಲ್ಲಿ ಜಾರಿದರೆ ಅಲ್ಲಿ ಬಿಚ್ಚುತ್ತದೆ. ಮನುಷ್ಯರಿಗೆ ಆ ನಡುವೆ ಒಂದು ಚಿಕ್ಕ ಪಡಸಾಲೆಯುಂಟು. ಒಬ್ಬೊಬ್ಬರದು ಅಗಲ, ಒಬ್ಬೊಬ್ಬರದು ಒಂದು ಹೆಜ್ಜೆ ಇಡುವಷ್ಟು. ಹಸಿವೂ ಅವಮಾನವೂ ಅದನ್ನು ದಿನದಿನಕ್ಕೆ ಕಿರಿದು ಮಾಡುತ್ತವೆ. ಇನ್ನೊಬ್ಬರ ಪಡಸಾಲೆಯ ಅಗಲವನ್ನು ಹೊರಗೆ ನಿಂತು ಅಳೆಯುವುದು ನಮಗೆ ಸಾಧ್ಯವಿಲ್ಲದ್ದರಿಂದ 'ಇಷ್ಟು ತಡೆದುಕೊಳ್ಳಬಾರದಾಗಿತ್ತೇ' ಎಂದು ಹೇಳುವಾಗ ನನಗೆ ಈಚೆಗೆ ನಾಲಿಗೆ ತಡವರಿಸುತ್ತದೆ. ಅದು ಇಲ್ಲವೇ ಇಲ್ಲವೆಂದು ಹೇಳುವುದೂ ಅವರಿಗೆ ಮಾಡುವ ಅವಮಾನವೇ. ಅತ್ತೆಗೆ ಅದು ಇದ್ದಿತೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಮಳೆಗಾಲ ನನ್ನ ತಂಗಿಗೆ ಜ್ವರ ಬಂದು ಗಂಟಲು ಊದಿಕೊಂಡಿತು. ನೋಡಿದ ಡಾಕ್ಟರು ಬಾಯಿ ತೆರೆಸಿ ದೀಪ ಹಿಡಿದು, ಸ್ವಲ್ಪ ಹೊತ್ತು ಏನೂ ಹೇಳದೆ ನಿಂತು, "ಗಂಟಲಮಾರಿ ಇರಬಹುದೇನೋ, ನಾಳೆ ಬೆಳಿಗ್ಗೆ ನೋಡೋಣ" ಎಂದರು. ಎರಡು ದಿನ ಹಿಂದೆ ತುಪ್ಪದ ವಿಷಯಕ್ಕೆ ತಂಗಿಗೆ ಆ ಶಾಪ ಬಿದ್ದಿತ್ತು. ಮನೆಯಲ್ಲಿ ಯಾರೂ ಅದನ್ನು ಎತ್ತಿ ಆಡಲಿಲ್ಲ, ಎಲ್ಲರಿಗೂ ನೆನಪಿತ್ತು. ಅತ್ತೆ ದೇವರ ಮನೆಯ ಬಾಗಿಲಲ್ಲಿ ಕುಳಿತವಳು ಬೆಳಗಿನವರೆಗೆ ಏಳಲಿಲ್ಲ. ಬೆಳಿಗ್ಗೆ ಡಾಕ್ಟರು ಬಂದು, ಇದು ಆ ರೋಗವಲ್ಲ, ಬರಿಯ ಗಂಟಲು ನೋವು ಎಂದಾಗಲೂ ಆಕೆ ಬಾಯಿ ಬಿಡಲಿಲ್ಲ. ಮೂರು ದಿನ ಮನೆಯಲ್ಲಿ ಆಕೆಯ ದನಿ ಕೇಳಿಸಲಿಲ್ಲ. ಆಮೇಲೆ ಹಳೆಯ ಮಾತುಗಳೆಲ್ಲ ಒಂದೊಂದಾಗಿ ಹಿಂದಿರುಗಿದವು, ಆ ಒಂದು ಶಾಪದ ಹೊರತು.

ಕೊನೆಗಾಲದಲ್ಲಿ ಅತ್ತೆ ಶಿವಮೊಗ್ಗದಲ್ಲಿದ್ದ ಅದೇ ತಂಗಿಯ ಮನೆಗೆ ಹೋದಳು. ತಂಗಿ ಮೊದಲನೆಯ ದಿನವೇ ಉಗ್ರಾಣದ ಬೀಗದಕೈಯನ್ನು ಆಕೆಯ ಕೈಗೆ ಹಾಕಿದಳಂತೆ. ಬೇಕೆಂದು ಮಾಡಿದ್ದಲ್ಲ; ಅವಳಿಗೆ ಕಛೇರಿಗೆ ಹೊತ್ತಾಗಿತ್ತು, ಯಾರಾದರೂ ಇಟ್ಟುಕೊಳ್ಳಬೇಕಾಗಿತ್ತು. ನಾನು ರಜಕ್ಕೆ ಹೋದಾಗ ನೋಡಿದವಳು ಬೇರೆಯೇ ಹೆಂಗಸು. ಪಕ್ಕದ ಮನೆಯ ಮಕ್ಕಳನ್ನು ಕರೆದು ಕರೆದು ಉಂಡೆ ಕೊಡುವಳು. ನನ್ನ ಎಲೆಗೆ ತುಪ್ಪ ಬಡಿಸಿದ್ದು ಸಾಕು ಎಂದರೂ ಕೈ ನಿಲ್ಲಲಿಲ್ಲ. ಬೀದಿಯವರು, "ನಿಮ್ಮ ಅತ್ತೆಯ ಬಾಯಲ್ಲಿ ಜೇನಿದೆ" ಎಂದರು. ನಾನು ನಕ್ಕೆ, ವಿವರಿಸಹೋಗಲಿಲ್ಲ.

ಹೊರಡುವ ದಿನ ಬೆಳಿಗ್ಗೆ ತಂಗಿ ಅವಸರದಲ್ಲಿ ಬೀಗದಕೈಯನ್ನು ತಾನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಕಛೇರಿಗೆ ಹೋಗಿಬಿಟ್ಟಿದ್ದಳು. ನನಗೆ ಬುತ್ತಿ ಕಟ್ಟಬೇಕೆಂದು ಎದ್ದ ಅತ್ತೆ ಗೂಟ ನೋಡಿದಳು, ಸೆರಗು ತಡವಿ ನೋಡಿದಳು, ಉಗ್ರಾಣದ ಬಾಗಿಲ ಮುಂದೆ ಹೋಗಿ ಸ್ವಲ್ಪ ಹೊತ್ತು ನಿಂತಳು. ಮೂವತ್ತು ವರ್ಷ ಹಿಂದಿನ ಆ ನಿಲುವನ್ನು ನಾನು ಕೂಡಲೇ ಗುರುತು ಹಿಡಿದೆ. ಆಮೇಲೆ ಆಕೆ ತಂಗಿಯ ವಿಷಯವಾಗಿ ಒಂದು ಮಾತು ಆಡಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಆಡಿದವಳೇ ಬಾಯಿಗೆ ಸೆರಗು ಅಡ್ಡ ಹಿಡಿದು, "ಬಸ್ಸಿಗೆ ಹೊತ್ತಾಯಿತು, ನೀನು ಹೊರಡಪ್ಪ" ಎಂದಳು.